ಕೊನೆಗಾಲದ ಮಾತು ಯಾವಾಗ ಕೇಳಬೇಕು? ಆಂಬುಲೆನ್ಸ್ ಹತ್ತಿಸೋಕೆ ಮೊದಲು

ಐರಣಿ (ರಾಣೇಬೆನ್ನೂರು ತಾ.): ನಮ್ಮ ಅಜ್ಜ ತೀರಿಕೊಂಡಿದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ. ಎಂಬತ್ತು ದಾಟಿದ ಜೀವ. ಹುಟ್ಟಿದ್ದು, ದುಡಿದಿದ್ದು, ಮಕ್ಕಳ ಮದುವೆ ಮಾಡಿದ್ದು ಎಲ್ಲಾ ಇಲ್ಲೇ, ತುಂಗಭದ್ರೆ ದಂಡೆಯಲ್ಲಿ. ಅಂಗಳದಲ್ಲಿ ಬಿದ್ದು ಸೊಂಟ ಮುರಿದ ಮೇಲೆ ದೊಡ್ಡಪ್ಪ ಬೆಂಗಳೂರಿಗೆ ಕರೆದುಕೊಂಡು ಹೋದರು. ಅವರದ್ದೇನೂ ತಪ್ಪಿಲ್ಲ. ಚೆನ್ನಾಗಿ ನೋಡಿಕೊಳ್ಳಬೇಕು ಅಂತಲೇ ಕರೆದೊಯ್ದಿದ್ದು. ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು, ಹಂಗಾಗಿ ಒಬ್ಬ ಹೋಂ ನರ್ಸ್ ಹುಡುಗಿಯನ್ನು ಇಟ್ಟರು. ಬೇರೆ ರಾಜ್ಯದವಳು. ಕನ್ನಡ ಅರ್ಧಂಬರ್ಧ ಬರುತ್ತಿತ್ತು.

ಅಜ್ಜ ತೀರಿಕೊಂಡು, ಊರಿಗೆ ತಂದು ಮಣ್ಣು ಮಾಡಿ ಒಂದು ವಾರ ಆಗಿತ್ತು. ಆ ಹುಡುಗಿ ನಮ್ಮಪ್ಪನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದಳು: ‘ಅಣ್ಣಾ, ಹೊಳಿ ಅಂದ್ರೆ ಏನು?’

ಅಜ್ಜ ದಿನಾ ರಾತ್ರಿ ‘ಹೊಳಿ, ಹೊಳಿ’ ಅಂತಿದ್ದರಂತೆ. ಅವಳು ಹೋಳಿ ಹಬ್ಬ ಅಂದುಕೊಂಡಿದ್ದಳು. ಮೊಬೈಲ್‌ನಲ್ಲಿ ಬಣ್ಣ ಎರಚುವ ವಿಡಿಯೊ ತೋರಿಸಿದಳಂತೆ. ಅಜ್ಜ ಮುಖ ತಿರುಗಿಸಿ ಮಲಗಿದರಂತೆ. ನಮ್ಮ ಕಡೆ ಹೊಳಿ ಅಂದರೆ ನದಿ ಅಂತ ಅಪ್ಪ ಹೇಳಿದಾಗ ಆ ಕಡೆಯಿಂದ ಮಾತೇ ಬರಲಿಲ್ಲ.

ಆಮೇಲೆ ಈ ವಿಷಯ ಊರಲ್ಲಿ ಎತ್ತಿದಾಗ ಗೊತ್ತಾಯಿತು, ಇಂಥ ಕಥೆ ಮನೆಗೊಂದು ಇದೆ. ಮಕ್ಕಳು ಬೆಂಗಳೂರು, ಪುಣೆ, ಗೋವಾ ಅಂತ ಹೋಗಿದ್ದಾರೆ. ವಯಸ್ಸಾದವರು ಕೈಲಾಗದ ಹೊತ್ತಿಗೆ ಅಲ್ಲಿಗೆ ಹೋಗುತ್ತಾರೆ. ಅಂದರೆ ಎಂಬತ್ತನೇ ವಯಸ್ಸಿಗೆ ವಲಸಿಗರಾಗುತ್ತಾರೆ. ಅವರಿಗೆ ಕೊನೆಗೆ ಏನು ಬೇಕು, ಏನು ಬೇಡ ಅಂತ ಯಾರು ಕೇಳಬೇಕು, ಯಾವಾಗ ಕೇಳಬೇಕು ಅನ್ನೋದನ್ನ ವಿವರಿಸುವುದೇ ಈ ಬರಹ. ಆಶಾ ಕಾರ್ಯಕರ್ತೆಯರು, ನರ್ಸ್‌ಗಳು, ಹೋಂ ನರ್ಸ್ ಕೆಲಸ ಮಾಡುವವರು ಮತ್ತು ಮನೆಯಲ್ಲಿ ವಯಸ್ಸಾದವರನ್ನು ಇಟ್ಟುಕೊಂಡ ಎಲ್ಲರೂ ಇದನ್ನು ಓದಬೇಕು.

ಏನಿದು ಕೊನೆಗಾಲದ ಮಾತುಕತೆ?

ಇದಕ್ಕೂ ಆಸ್ತಿಗೂ ಸಂಬಂಧ ಇಲ್ಲ. ಇದು ಮೊದಲು ತಲೆಗೆ ಹೋಗಬೇಕು. ಹೊಲ, ಮನೆ, ಅಂಗಡಿ ಯಾರಿಗೆ ಅಂತ ಬರೆಯೋದು ಮರಣಪತ್ರ, ಅಂದರೆ ವಿಲ್. ಅದು ಜೀವ ಹೋದ ಮೇಲೆ ಜಾರಿಗೆ ಬರುತ್ತೆ. ಇಲ್ಲಿ ಹೇಳುತ್ತಿರುವುದು ಜೀವ ಇರುವಾಗಿನ ವಿಷಯ. ಕಾಯಿಲೆ ವಾಸಿಯಾಗೋದಿಲ್ಲ ಅಂತಾದಾಗ ವೆಂಟಿಲೇಟರ್ ಹಾಕಬೇಕಾ? ಮೂಗಿನಲ್ಲಿ ನಳಿಕೆ ಹಾಕಿ ಊಟ ಕೊಡಬೇಕಾ? ಆಸ್ಪತ್ರೆಯಲ್ಲೇ ಇರಬೇಕಾ, ಮನೆಗೆ ಬರಬೇಕಾ? ಬಾಯಿ ಬಿದ್ದು ಹೋದರೆ ನಮ್ಮ ಪರವಾಗಿ ಯಾರು ಮಾತಾಡಬೇಕು? ಮಣ್ಣು ಎಲ್ಲಿ ಆಗಬೇಕು?

ಈ ಐದು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ, ಆಸ್ಪತ್ರೆ ಬಾಗಿಲಲ್ಲಿ ಅಣ್ಣ ತಮ್ಮಂದಿರು ಜಗಳ ಆಡೋದು ಅರ್ಧ ಕಮ್ಮಿ ಆಗುತ್ತೆ. ‘ಎಷ್ಟಾದರೂ ಆಗಲಿ, ಮಾಡಿ ಡಾಕ್ಟ್ರೆ’ ಅಂತ ಸಹಿ ಹಾಕಿ, ಆಮೇಲೆ ಹೊಲದ ಮೇಲೆ ಸಾಲ ತರೋದೂ ಎಷ್ಟೋ ಕಡೆ ತಪ್ಪುತ್ತೆ.

ಕೇಳದೇ ಹೋದರೆ ಏನಾಗುತ್ತೆ

ಇದಕ್ಕೆ ದೇಶಕ್ಕೇ ಗೊತ್ತಿರುವ ಉದಾಹರಣೆ ನಮ್ಮ ಪಕ್ಕದ ಜಿಲ್ಲೆಯದ್ದು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ನೌಕರನೊಬ್ಬ ಅವರ ಮೇಲೆ ದೌರ್ಜನ್ಯ ಎಸಗಿದ. ಮಿದುಳಿಗೆ ಪೆಟ್ಟಾಗಿ, ಆಮೇಲೆ 2015ರ ಮೇ 18ರವರೆಗೆ ಹಾಸಿಗೆಯಲ್ಲೇ ಇದ್ದರು. 41 ವರ್ಷಕ್ಕೂ ಹೆಚ್ಚು.

ಅವರಿಗೆ ದಯಾಮರಣ ಕೊಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟ್‌ಗೆ ಹೋದರು. ಬೇಡ, ನಾವೇ ನೋಡಿಕೊಳ್ಳುತ್ತೇವೆ ಅಂತ ಕೆಇಎಂ ಆಸ್ಪತ್ರೆಯ ನರ್ಸ್‌ಗಳು ಹೇಳಿದರು. 2011ರ ಮಾರ್ಚ್ 7ರಂದು ಕೋರ್ಟ್ ನರ್ಸ್‌ಗಳ ಮಾತು ಒಪ್ಪಿ ಅರ್ಜಿ ತಳ್ಳಿಹಾಕಿತು. ಎರಡೂ ಕಡೆಯವರು ಪ್ರೀತಿಯಿಂದಲೇ ಮಾತಾಡಿದ್ದು. ಆದರೆ ಅರುಣಾ ಅವರಿಗೆ ಏನು ಬೇಕು ಅಂತ ಕೇಳುವ ಹಾಗಿರಲಿಲ್ಲ. ಅವರು ಆಗ 25ರ ಹರೆಯದವರು, ಮೊದಲೇ ಯಾರೂ ಕೇಳಿಯೂ ಇರೋದಿಲ್ಲ.

25ರ ಹುಡುಗಿಗೆ ಕೇಳದೇ ಇದ್ದದ್ದು ಸಹಜ. ಎಂಬತ್ತರ ಅಜ್ಜನಿಗೂ ಕೇಳದೇ ಇರುತ್ತೇವಲ್ಲ, ಅದಕ್ಕೇನು ಹೇಳೋದು?

ಹಂಗಾದರೆ ಯಾವಾಗ ಶುರು ಮಾಡಬೇಕು?

ತೀರಾ ಮೊದಲೇ ಕೇಳಿದರೆ ‘ನಾನು ಸಾಯೋದು ಕಾಯ್ತಿದಿಯೇನು?’ ಅಂತಾರೆ. ತೀರಾ ತಡವಾದರೆ ಉತ್ತರ ಕೊಡೋಕೆ ಬಾಯಿರೋದಿಲ್ಲ. ಎರಡರ ನಡುವೆ ನಾಲ್ಕು ಸಮಯ ಇವೆ.

ಒಂದು, ಊರು ಬಿಡೋಕೆ ಮೊದಲು. ವಯಸ್ಸಾದವರನ್ನು ಬೇರೆ ಊರಿಗೆ ಕರೆದೊಯ್ಯುವ ದಿನ ಗೊತ್ತಾದ ಕೂಡಲೇ. ಆಗ ಅವರು ತಮ್ಮ ಮನೆಯಲ್ಲಿ, ತಮ್ಮ ಭಾಷೆಯಲ್ಲಿ, ತಮ್ಮ ಜನರ ನಡುವೆ ಇರುತ್ತಾರೆ. ಊರಿನ ಆಶಾ ಕಾರ್ಯಕರ್ತೆಗೆ ಅವರ ಬಿಪಿ, ಶುಗರ್ ಎಲ್ಲಾ ಗೊತ್ತಿರುತ್ತೆ. ಅಲ್ಲಿಗೆ ಹೋದ ಮೇಲೆ ಕೇಳುವವರು ಹೊಸಬರು, ಭಾಷೆಯೂ ಹೊಸದು. ನಮ್ಮ ಮನೆಯಲ್ಲಿ ತಪ್ಪಿದ್ದು ಇಲ್ಲೇ.

ಎರಡು, ದೊಡ್ಡ ಕಾಯಿಲೆ ಗೊತ್ತಾದ ಮೇಲೆ. ಕ್ಯಾನ್ಸರ್, ಕಿಡ್ನಿ ವೈಫಲ್ಯ, ಹೃದಯದ ಕಾಯಿಲೆ, ಪಾರ್ಶ್ವವಾಯು ಅಂತ ಡಾಕ್ಟರ್ ಹೇಳಿದ ದಿನವೇ ಬೇಡ. ಆ ದಿನ ಯಾರ ಕಿವಿಗೂ ಏನೂ ಹೋಗೋದಿಲ್ಲ. ಒಂದೆರಡು ವಾರ ಬಿಟ್ಟು, ಚಿಕಿತ್ಸೆ ಒಂದು ಹಾದಿಗೆ ಬಂದ ಮೇಲೆ ಕೇಳಬೇಕು. ಮರೆವಿನ ಕಾಯಿಲೆ ಆದರೆ ಮಾತ್ರ ತಡ ಮಾಡುವಂತಿಲ್ಲ, ತಿಂಗಳು ಕಳೆದಂತೆ ಉತ್ತರ ಕೊಡುವ ಶಕ್ತಿ ಹೋಗುತ್ತೆ.

ಮೂರು, ಒಂದೇ ವರ್ಷದಲ್ಲಿ ಎರಡನೇ ಸಲ ಆಸ್ಪತ್ರೆ ಸೇರಿ ಮನೆಗೆ ಬಂದಾಗ. ‘ಮತ್ತೆ ಹಿಂಗಾದ್ರ ಏನು ಮಾಡೂಣು?’ ಅಂತ ಕೇಳೋಕೆ ಇದಕ್ಕಿಂತ ಸಹಜ ಸಮಯ ಇಲ್ಲ. ಆಸ್ಪತ್ರೆ ಹೆಂಗಿತ್ತು, ಏನು ತ್ರಾಸಾಯ್ತು ಅನ್ನೋದು ಅವರಿಗೇ ನೆನಪಿರುತ್ತೆ.

ನಾಲ್ಕು, ದಿನದ ಕೆಲಸ ಕೈಬಿಟ್ಟಾಗ. ಕಟ್ಟೆಗೆ ಬಂದು ಕೂಡುತ್ತಿದ್ದವರು ಬರೋದು ಬಿಟ್ಟರೆ, ಊಟ ಕಮ್ಮಿಯಾದರೆ, ಹಾಸಿಗೆಯಿಂದ ಏಳೋಕೆ ಇನ್ನೊಬ್ಬರು ಬೇಕಾದರೆ. ಇದನ್ನು ಮೊದಲು ಗಮನಿಸೋದು ಡಾಕ್ಟರ್ ಅಲ್ಲ. ಮನೆಗೆ ಹೋಗಿ ಬರುವ ಆಶಾ, ಮೈ ಒರೆಸುವ ಹೋಂ ನರ್ಸ್, ಕೆಲವೊಮ್ಮೆ ದಿನಾ ಎಲೆ ಅಡಿಕೆ ಕೊಡುವ ಕಿರಾಣಿ ಅಂಗಡಿಯವರು.

ಇಂಗ್ಲೆಂಡಿನ ಡಾಕ್ಟರ್, ನರ್ಸ್‌ಗಳು ಇದಕ್ಕೊಂದು ಸುಲಭದ ದಾರಿ ಬಳಸುತ್ತಾರೆ. ತಮಗೆ ತಾವೇ ಒಂದು ಪ್ರಶ್ನೆ ಹಾಕಿಕೊಳ್ಳುತ್ತಾರೆ: ‘ಈ ಹಿರಿಯರು ಇನ್ನೊಂದು ವರ್ಷದೊಳಗೆ ತೀರಿಕೊಂಡರು ಅಂತ ಸುದ್ದಿ ಬಂದರೆ ನನಗೆ ಆಶ್ಚರ್ಯ ಆಗುತ್ತಾ?’ ಆಗೋದಿಲ್ಲ ಅಂತ ಒಳಗಿಂದ ಉತ್ತರ ಬಂದರೆ ಮಾತು ಶುರು ಮಾಡುವ ಕಾಲ ಬಂತು ಅಂತ ಲೆಕ್ಕ. ಇದು ಭವಿಷ್ಯ ಹೇಳುವ ಯಂತ್ರ ಅಲ್ಲ. ಅಜ್ಜ ಇನ್ನೂ ಹತ್ತು ವರ್ಷ ಇರಬಹುದು. ಆದರೆ ಮಾತು ಆಗಿದ್ದರೆ ನಷ್ಟ ಏನೂ ಇಲ್ಲ.

ಹೆಂಗೆ ಕೇಳಬೇಕು?

‘ಸಾವು’ ಅನ್ನೋ ಶಬ್ದದಿಂದ ಶುರು ಮಾಡಬೇಡಿ. ಮೊದಲು ಅಪ್ಪಣೆ ಕೇಳಿ. ‘ಅಜ್ಜಾರ, ಮುಂದಿಂದು ಒಂದ್ ಮಾತು ಕೇಳ್ಲೇನ್ರಿ? ಬ್ಯಾಡಂದ್ರ ಬ್ಯಾಡ್ರಿ.’ ಬೇಡ ಅಂದರೆ ಅವತ್ತಿಗೆ ಬಿಡಬೇಕು. ಇನ್ನೊಂದು ಸಲ ಅವರೇ ಎತ್ತಬಹುದು.

ಆಮೇಲೆ ಸಣ್ಣ ಪ್ರಶ್ನೆ. ‘ಆಸ್ಪತ್ರ್ಯಾಗ ಯಾವುದು ಭಾಳ ತ್ರಾಸ್ ಆತ್ರಿ?’ ‘ಯಾರು ಹತ್ರ ಇದ್ರ ನಿಮಗ ಸಮಾಧಾನ?’ ‘ನಿಮಗ ಮಾತು ಬರದಂಗಾದ್ರ ಯಾರ ಮಾತು ಕೇಳೂಣ್ರಿ?’ ಒಂದೇ ದಿನ ಎಲ್ಲಾ ಮುಗಿಯಬೇಕು ಅಂತಿಲ್ಲ. ಎರಡು ಮೂರು ಭೇಟಿಯಲ್ಲಿ ಆಗಲಿ.

ನಮ್ಮ ಕಡೆಯ ಹಿರಿಯರು ನೇರವಾಗಿ ಉತ್ತರ ಕೊಡೋದು ಕಮ್ಮಿ. ‘ಶಿವ ಕರದಾಗ ಹೋಗೂದು’ ಅಂತಾರೆ. ‘ನಿಮಗ ಹೆಂಗ ಅನುಕೂಲ ಹಂಗ ಮಾಡ್ರಿ’ ಅಂತಾರೆ. ಅದನ್ನೇ ಉತ್ತರ ಅಂತ ಬರೆದುಕೊಳ್ಳಬೇಡಿ. ಮಕ್ಕಳಿಗೆ ಭಾರ ಆಗಬಾರದು ಅನ್ನೋ ಸಂಕೋಚ ಅದು. ‘ನಮ್ಮ ಅನುಕೂಲ ಇರ್ಲಿ ಬಿಡ್ರಿ, ನಿಮ್ಮ ಮನಸ್ಸಿನ್ಯಾಗ ಏನೈತಿ?’ ಅಂತ ಇನ್ನೊಮ್ಮೆ ಕೇಳಬೇಕು.

ಮೊದಲ ಸಲ ಅವರೊಬ್ಬರೇ ಇರುವಾಗ ಕೇಳೋದು ಒಳ್ಳೆಯದು. ಮಗ, ಸೊಸೆ ಮುಂದೆ ಕೂತಿದ್ದರೆ ಎಷ್ಟೋ ಅಜ್ಜಿಯರು ಬಾಯಿ ಬಿಡೋದಿಲ್ಲ. ಆಸ್ತಿ ಮೇಲೆ ಕಣ್ಣಿಟ್ಟು ‘ಅವ್ವಗ ಆಸ್ಪತ್ರಿ ಬ್ಯಾಡಂತ’ ಅಂತ ತಾವೇ ಹೇಳುವವರೂ ಇರುತ್ತಾರೆ. ಹಿರಿಯರಿಗೆ ಮನೆಯಲ್ಲಿ ಹಿಂಸೆ, ನಿರ್ಲಕ್ಷ್ಯ ಇದೆ ಅನ್ನಿಸಿದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು.

ಆಶಾ ಕಾರ್ಯಕರ್ತೆ ಅಥವಾ ಹೋಂ ನರ್ಸ್ ಏನನ್ನೂ ತೀರ್ಮಾನ ಮಾಡಬಾರದು, ಸಲಹೆಯನ್ನೂ ಹೇರಬಾರದು. ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟು, ಅವರ ಒಪ್ಪಿಗೆ ಪಡೆದು ಮನೆಯವರಿಗೆ ಮತ್ತು ಪಿಎಚ್‌ಸಿ ಡಾಕ್ಟರ್‌ಗೆ ತಿಳಿಸಬೇಕು. ಕಾಯಿಲೆ ಎಲ್ಲಿಗೆ ಬಂದಿದೆ ಅಂತ ಹೇಳುವುದು ಡಾಕ್ಟರ್ ಕೆಲಸ.

ಭಾಷೆ ಬೇರೆ ಆದರೆ?

ನಮ್ಮವರು ಹೊರಗೆ ಹೋಗುತ್ತಾರೆ, ಹೊರಗಿನವರು ನಮ್ಮಲ್ಲಿಗೂ ಬಂದಿದ್ದಾರೆ. ರಾಣೇಬೆನ್ನೂರು, ಬ್ಯಾಡಗಿ ಪೇಟೆಯಲ್ಲಿ ರಾಜಸ್ಥಾನದಿಂದ ಬಂದು ಅಂಗಡಿ ಇಟ್ಟ ಮನೆತನಗಳಿವೆ. ಹುಡುಗರು ನಮ್ಮಂಗೇ ಕನ್ನಡ ಮಾತಾಡುತ್ತಾರೆ. ಒಳಗೆ ಕೂತ ಅಜ್ಜಿಗೆ ಮಾರವಾಡಿ ಬಿಟ್ಟು ಬೇರೆ ಬರದೇ ಇರಬಹುದು. ಆಗ ಸುಲಭಕ್ಕೆ ಮೊಮ್ಮಗನನ್ನೇ ನಡುವೆ ಕೂರಿಸಿ ಕೇಳುತ್ತೇವೆ. ಇದು ಸರಿಯಲ್ಲ. ಮೊಮ್ಮಗ ಪ್ರೀತಿಗೆ ಅರ್ಧ ಮಾತು ನುಂಗುತ್ತಾನೆ. ‘ಡಾಕ್ಟರ್ ಆರಾಮ ಆಗ್ತಿ ಅಂದ್ರು’ ಅಂತ ತಾನೇ ಸೇರಿಸುತ್ತಾನೆ. ಅದೇ ಭಾಷೆ ಬರುವ, ಮನೆಯವರಲ್ಲದ ಒಬ್ಬರನ್ನು ಹುಡುಕಿ ಕೂರಿಸಿಕೊಳ್ಳಬೇಕು. ಅವರು ಕೇಳಿದ್ದನ್ನು ಹೊರಗೆ ಹೇಳಬಾರದು ಅಂತ ಮೊದಲೇ ಮಾತು ತೆಗೆದುಕೊಳ್ಳಬೇಕು.

ಮೊಮ್ಮಕ್ಕಳನ್ನು ನೋಡಿಕೊಳ್ಳೋಕೆ ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೂ ಇದು ಅನ್ವಯ. ಅಲ್ಲಿ 1990ರ ಕಾನೂನಿನ ಪ್ರಕಾರ ಆಸ್ಪತ್ರೆಗೆ ಸೇರಿದ ದೊಡ್ಡವರಿಗೆಲ್ಲ ‘ಇಂಥ ಚಿಕಿತ್ಸೆ ಬೇಕು, ಇಂಥದ್ದು ಬೇಡ ಅಂತ ಮೊದಲೇ ಬರೆದುಕೊಟ್ಟಿದ್ದೀರಾ?’ ಅಂತ ಕೇಳುತ್ತಾರೆ. ಏನೂ ಗೊತ್ತಿಲ್ಲದೆ ಹೋದವರು ಗಾಬರಿ ಬೀಳುತ್ತಾರೆ. ದುಭಾಷಿ ಬೇಕು ಅಂತ ಕೇಳುವ ಹಕ್ಕು ಅಲ್ಲಿದೆ, ಕೇಳಿ ಪಡೆಯಬೇಕು.

ಕಾನೂನು ಏನು ಹೇಳುತ್ತೆ?

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಕಾಮನ್ ಕಾಸ್ ಪ್ರಕರಣದಲ್ಲಿ ಒಂದು ದೊಡ್ಡ ತೀರ್ಪು ಕೊಟ್ಟಿತು. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿ ಕೊಟ್ಟ ಬದುಕುವ ಹಕ್ಕಿನ ಭಾಗ ಅಂತ ಹೇಳಿತು. ಕೊನೆಗಾಲದ ಚಿಕಿತ್ಸೆ ಬಗ್ಗೆ ಮೊದಲೇ ಬರೆದಿಡಬಹುದು ಅಂತ ಒಪ್ಪಿತು. ಇದನ್ನು ‘ಲಿವಿಂಗ್ ವಿಲ್’ ಅಥವಾ ‘ಮುಂಗಡ ವೈದ್ಯಕೀಯ ನಿರ್ದೇಶನ’ ಅಂತಾರೆ. ಆಗ ಇದಕ್ಕೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, ಜನಸಾಮಾನ್ಯರ ಕೈಗೆಟುಕುವ ಮಾತಾಗಿರಲಿಲ್ಲ. 2023ರ ಜನವರಿ 24ರಂದು ಕೋರ್ಟೇ ನಿಯಮ ಸಡಿಲ ಮಾಡಿತು. ಅದರ ಪ್ರಕಾರ ನಡೆಯೋಕೆ ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಪಕ್ಕದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಹೆಸರು ಆಗ ಪತ್ರಿಕೆ, ಟಿವಿಯಲ್ಲಿ ಬಂದಿದ್ದು ನೆನಪಿರಬಹುದು. ಘನತೆಯ ಸಾವಿನ ಹಕ್ಕು ಬೇಕು ಅಂತ ಎರಡು ದಶಕಕ್ಕೂ ಹೆಚ್ಚು ಕಾಲ ಹೋರಾಡಿದವರು ಅವರು.

ಆ ಸುದ್ದಿ ಬಂದಾಗ ಕಟ್ಟೆ ಮೇಲೆ ಬಹಳ ಜನ ‘ಇನ್ನ ಮ್ಯಾಲೆ ಸಾಕಾತು ಅಂದ್ರ ಇಂಜೆಕ್ಷನ್ ಕೊಡ್ತಾರಂತ’ ಅಂತ ಮಾತಾಡಿಕೊಂಡರು. ಅದು ತಪ್ಪು ತಿಳಿವಳಿಕೆ. ಇಂಜೆಕ್ಷನ್ ಕೊಟ್ಟು ಸಾಯಿಸೋದು ನಮ್ಮ ದೇಶದಲ್ಲಿ ಈಗಲೂ ಅಪರಾಧ. ವಯಸ್ಸಾಯಿತು, ಬೇಜಾರಾಯಿತು ಅನ್ನೋ ಕಾರಣಕ್ಕೆ ಈ ನಿಯಮ ಅನ್ವಯಿಸೋದಿಲ್ಲ. ವಾಸಿಯಾಗುವ ಭರವಸೆ ಇಲ್ಲದ ರೋಗಿಗೆ ಯಂತ್ರ, ನಳಿಕೆಯಿಂದ ಜೀವ ಎಳೆಯುತ್ತಿದ್ದರೆ ಅದನ್ನು ಹಾಕದೇ ಇರೋದು, ಹಾಕಿದ್ದರೆ ತೆಗೆಯೋದು, ಇಷ್ಟೇ ಇದರ ವ್ಯಾಪ್ತಿ.

ಅದನ್ನೂ ಒಬ್ಬ ಡಾಕ್ಟರ್ ತೀರ್ಮಾನ ಮಾಡುವಂತಿಲ್ಲ. ಚಿಕಿತ್ಸೆ ಕೊಡುವ ಡಾಕ್ಟರ್ ಜತೆ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು ಸೇರಿದ ಮೊದಲ ಮಂಡಳಿ ನೋಡಬೇಕು. ಆಮೇಲೆ ಎರಡನೇ ಮಂಡಳಿ ಒಪ್ಪಬೇಕು. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಗೊತ್ತುಪಡಿಸಿದ ಒಬ್ಬ ಡಾಕ್ಟರ್ ಇರಬೇಕು. ಎರಡೂ ಮಂಡಳಿ ಆದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಮನೆಯವರ ಒಪ್ಪಿಗೆ ಬೇಕು. ಜಾರಿಗೆ ತರುವ ಮೊದಲು ಮ್ಯಾಜಿಸ್ಟ್ರೇಟ್‌ಗೆ ತಿಳಿಸಬೇಕು. ಬರೆದಿಟ್ಟಿಲ್ಲದವರಿಗೂ ಮನೆಯವರ ಒಪ್ಪಿಗೆಯಿಂದ ಇದೇ ದಾರಿ ಇದೆ. ಬರೆದಿಟ್ಟಿದ್ದರೆ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಊಹೆ ಮಾಡುವ ಕೆಲಸ ಇರೋದಿಲ್ಲ.

ಬರೆಯೋದು ಹೆಂಗೆ?

18 ವರ್ಷ ದಾಟಿದ, ಬುದ್ಧಿ ಸ್ವಾಧೀನ ಇರುವ ಯಾರು ಬೇಕಾದರೂ ಬರೆಯಬಹುದು. ಯಾವಾಗ, ಯಾವ ಚಿಕಿತ್ಸೆ ಬೇಡ ಅನ್ನೋದು ಸ್ಪಷ್ಟವಾಗಿ ಇರಬೇಕು. ತಮಗೆ ಹೇಳೋಕೆ ಆಗದಿದ್ದಾಗ ಮಾತಾಡಬೇಕಾದವರ ಹೆಸರು ಬರೆಯಬೇಕು, ಒಬ್ಬರಿಗಿಂತ ಹೆಚ್ಚು ಜನ ಆದರೂ ಸರಿ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಆಗಬೇಕು, ಸಾಕ್ಷಿಗಳು ಹೊರಗಿನವರಾದರೆ ಒಳ್ಳೆಯದು. ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು.

ಒಂದು ಪ್ರತಿ ಹೆಸರಿಸಿದವರ ಕೈಯಲ್ಲಿ, ಒಂದು ದಿನಾ ತೋರಿಸುವ ಡಾಕ್ಟರ್ ಹತ್ತಿರ ಇರಲಿ. ಇನ್ನೊಂದನ್ನು ಪಂಚಾಯಿತಿ ಅಥವಾ ನಗರಸಭೆಗೆ ಕೊಡಬೇಕು. ಅಲ್ಲಿ ಇದನ್ನು ಕಾಯ್ದಿಡೋಕೆ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಬೇಕು ಅಂತ ಕೋರ್ಟೇ ಹೇಳಿದೆ. ‘ಇಂಥದ್ದು ನಮ್ಮಲ್ಲಿ ಇಲ್ಲ’ ಅಂತ ಯಾರಾದರೂ ವಾಪಸ್ ಕಳಿಸಿದರೆ 2023ರ ತೀರ್ಪು ಮತ್ತು 2025ರ ಸುತ್ತೋಲೆ ಹೆಸರು ಹೇಳಿ, ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದು ರದ್ದು ಮಾಡಬಹುದು.

ಮನೆಗೆ ತಂದರೆ ನೋಡಿಕೊಳ್ಳೋದು ಹೆಂಗೆ?

‘ಮನೆಗೆ ಒಯ್ರಿ’ ಅಂದರೆ ಕೈ ಚೆಲ್ಲಿದರು ಅಂತ ಅರ್ಥ ಆಗಬಾರದು. ನೋವು, ಉಸಿರಾಟದ ತ್ರಾಸು, ಹಾಸಿಗೆ ಹುಣ್ಣು, ಮಲಬದ್ಧತೆ ಇವಕ್ಕೆಲ್ಲ ಮನೆಯಲ್ಲೇ ಆರೈಕೆ ಇದೆ. ಇದಕ್ಕೆ ಉಪಶಾಮಕ ಆರೈಕೆ ಅಂತಾರೆ. ಕೇಂದ್ರ ಸರ್ಕಾರ ಇದಕ್ಕೆ 2012ರಲ್ಲೇ ರಾಷ್ಟ್ರೀಯ ಕಾರ್ಯಕ್ರಮ ಮಾಡಿದೆ. ತಡೆಯಲಾಗದ ನೋವಿಗೆ ಕೊಡುವ ಮಾರ್ಫಿನ್ ಔಷಧ ಸಿಗೋದು ಸುಲಭ ಆಗಲಿ ಅಂತ 2014ರಲ್ಲಿ ಕಾನೂನು ತಿದ್ದಿದ್ದಾರೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಕೇರಳದಲ್ಲಿ 2008ರಲ್ಲೇ ಸರ್ಕಾರ ಇದಕ್ಕೆ ನೀತಿ ಮಾಡಿ, ಪಂಚಾಯಿತಿಗಳನ್ನೂ ಊರಿನ ಸ್ವಯಂಸೇವಕರನ್ನೂ ಜೋಡಿಸಿದೆ. ನರ್ಸ್ ಮನೆಗೇ ಹೋಗಿ ನೋಡುತ್ತಾರೆ.

ಡಿಸ್ಚಾರ್ಜ್ ಮಾಡಿಸುವ ಮೊದಲು ಡಾಕ್ಟರ್‌ಗೆ ಮೂರು ಪ್ರಶ್ನೆ ಕೇಳಿ. ನೋವಿಗೆ ಯಾವ ಔಷಧ, ಎಷ್ಟು? ರಾತ್ರಿ ಹೊತ್ತು ತ್ರಾಸಾದರೆ ಯಾರಿಗೆ ಫೋನ್ ಮಾಡಬೇಕು? ಯಾವ ಲಕ್ಷಣ ಕಂಡರೆ ವಾಪಸ್ ಕರೆತರಬೇಕು? ಇದನ್ನು ಬರೆಸಿಕೊಂಡು ಬಂದರೆ ನಿಮ್ಮೂರಿನ ಪಿಎಚ್‌ಸಿಗೂ ಅನುಕೂಲ. ಮನೆಯಲ್ಲೇ ತೀರಿಕೊಂಡರೆ 21 ದಿನದೊಳಗೆ ಮರಣ ನೋಂದಣಿ ಮಾಡಿಸಬೇಕು, ಇದನ್ನು ಮರೆಯಬೇಡಿ.

ನಮ್ಮ ಮನೆಯಲ್ಲಿ ಏನಾಯ್ತು

ಅಜ್ಜ ಹೋದ ಮೇಲೆ ಅಜ್ಜಿ ಊರಲ್ಲೇ ಇದ್ದಾರೆ. ಶುಗರ್ ಇದೆ, ಕಣ್ಣು ಮಂಜು. ಈ ಬರಹಕ್ಕೆ ಅಲ್ಲಿ ಇಲ್ಲಿ ಕೇಳುತ್ತಾ ಓಡಾಡುವಾಗ, ಊರಿಗೆಲ್ಲ ಹೇಳೋಕೆ ಹೊರಟವನು ನನ್ನ ಅಜ್ಜಿಗೇ ಕೇಳಿಲ್ಲ ಅನ್ನೋದು ಹೊಳೆಯಿತು. ಒಂದು ಸಂಜೆ ಹಿತ್ತಲಲ್ಲಿ ಕೂತಾಗ ಕೇಳಿದೆ. ಬೈತಾರೆ ಅಂದುಕೊಂಡಿದ್ದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

‘ಆಸ್ಪತ್ರಿ ಬ್ಯಾಡ ಅನ್ನಂಗಿಲ್ಲಪಾ. ಗುಳಗಿ ಕೊಡ್ಸು, ಸೂಜಿ ಮಾಡ್ಸು. ರಾಣೇಬೆನ್ನೂರು ಮುಗೀತು ಅಂದ್ರ ಅಲ್ಲಿಗೆ ಮುಗೀತು. ಬೆಂಗಳೂರಿಗೆ ಒಯ್ಯಬ್ಯಾಡ್ರಿ. ಮೂಗಿನ್ಯಾಗ ನಳಗಿ ಹಾಕಿಸಬ್ಯಾಡ್ರಿ, ನಿಮ್ಮಜ್ಜಂದು ನೋಡೀನಿ. ಮತ್ತ ನಿಮ್ಮತ್ತಿ ಬರೂತನಕ ಮಣ್ಣಿಗೆ ಒಯ್ಯಬ್ಯಾಡ್ರಿ.’

ಇದನ್ನು ಹಂಗೇ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಅಪ್ಪನಿಗೆ ತೋರಿಸಿದೆ, ದೊಡ್ಡಪ್ಪನಿಗೆ ವಾಟ್ಸ್ಆ್ಯಪ್ ಮಾಡಿದೆ. ದೊಡ್ಡಪ್ಪ ರಾತ್ರಿ ಫೋನ್ ಮಾಡಿ ಬಹಳ ಹೊತ್ತು ಅಜ್ಜಿ ಜತೆ ಮಾತಾಡಿದರು. ನೋಟ್‌ಬುಕ್ಕಿನ ಹಾಳೆಗೆ ಕಾನೂನಿನ ಬಲ ಇಲ್ಲ, ಗೊತ್ತು. ಮುಂದಿನ ವಾರ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ರಾಣೇಬೆನ್ನೂರಿಗೆ ನೋಟರಿ ಹತ್ತಿರ ಹೋಗಬೇಕು. ಅಜ್ಜಿ ಅದಕ್ಕೂ ಒಂದು ಷರತ್ತು ಹಾಕಿದ್ದಾರೆ. ಬರುವಾಗ ಪೇಟೆಯಲ್ಲಿ ಒಂದು ಇಳಕಲ್ ಸೀರೆ ಕೊಡಿಸಬೇಕಂತೆ.